ಬಂಗಡೆ ಪಳದಿಗೂ ಅನ್ವಯಿಸಿದ ಸಂಬಳದ ಮಿತಿ

ಮೂರು ತಾಲೂಕುಗಳ ಫುಟ್‌ಬಾಲ್ ಕೂಟದ ಸನ್ಮಾನ್ಯ ಅಧ್ಯಕ್ಷರೂ, ಅದೇ ಕೂಟದ ಸಂಬಳ ಮಿತಿ ಸಮಿತಿಯ ಮುಖ್ಯಸ್ಥರೂ, ಕಾಸರಕೋಡ ತಂಡದ ಒಡೆಯರೂ ಆಗಿ, ಮೂರು ಕುರ್ಚಿಗಳಲ್ಲಿ ಏಕಕಾಲಕ್ಕೆ ಕೂರಬಲ್ಲ ಶ್ರೀ ರಮಾನಂದ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಹೊಳನಗದ್ದೆಯ ಕವಿತಾ ಪಟಗಾರಳ ನಮಸ್ಕಾರಗಳು. ತಾವು ಕ್ಷೇಮವಾಗಿರುವಿರೆಂದೂ, ತಮ್ಮ ಬೋಟುಗಳು ತುಂಬಿದ ಬಲೆಯೊಂದಿಗೆ ಬಂದರಿಗೆ ಮರಳುತ್ತಿವೆಯೆಂದೂ, ತಮ್ಮ ಐಸ್ ಫ್ಯಾಕ್ಟರಿಯಲ್ಲಿ ಕರೆಂಟು ಹೋಗುತ್ತಿಲ್ಲವೆಂದೂ ನಂಬಿದ್ದೇನೆ. ಈ ಪತ್ರವನ್ನು ತಮಗೊಬ್ಬರಿಗೇ ಕಳುಹಿಸಬಹುದಿತ್ತು. ಆದರೆ ನಾನು ಹಿಂದೆ ಬರೆದವೆಲ್ಲ ತಮ್ಮ ಕಚೇರಿಯ ಕಪಾಟಿನಲ್ಲಿ ಸುಖವಾಗಿ ಮಲಗಿವೆ ಎಂದು ಕೇಳಿದೆ. ಅವುಗಳ ನಿದ್ದೆ ಕೆಡಿಸುವುದು ಬೇಡವೆಂದು ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಊರಿನವರು ಮೊದಲು ಓದಲಿ, ತಮಗೆ ಬಿಡುವಾದಾಗ ಅವರೇ ಬಂದು ಓದಿ ಹೇಳುತ್ತಾರೆ.

ತಮಗೆ ನನ್ನ ಪರಿಚಯವಿದೆ, ಓದುವವರಿಗೆ ಇಲ್ಲ. ನಾನು ನಮ್ಮೂರ ಹಾಲು ಸಂಘದ ಕಾರ್ಯದರ್ಶಿ. ಹೊಳನಗದ್ದೆ ಫುಟ್‌ಬಾಲ್ ತಂಡದ ವ್ಯವಸ್ಥಾಪಕಿಯೂ ಹೌದು. ಈ ಎರಡನೆಯ ಕೆಲಸ ನನ್ನ ತಲೆಗೆ ಬಂದದ್ದು ನನಗೆ ಆಟ ಗೊತ್ತೆಂದಲ್ಲ, ಅರ್ಜಿ ಬರೆಯಲು ಬರುತ್ತದೆಂದು. ಆಫ್‌ಸೈಡ್ ಎಂದರೇನೆಂದು ಆಮೇಲೆ ಕಲಿತೆ. ತಮ್ಮ ನಿಯಮಾವಳಿಯಷ್ಟು ಕಷ್ಟವಾಗಲಿಲ್ಲ.

ಮೊದಲಿಗೆ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ: ಸಂಬಳಕ್ಕೆ ಮಿತಿ ಹಾಕಬೇಕೆಂದು ತಾವು ಹೇಳಿದಾಗ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಹಾಗೆ ಎತ್ತಲು ಕಾರಣವಿತ್ತು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಆರು ತಂಡಗಳು ಮಳೆ ಬಿಟ್ಟ ಮೇಲೆ ಭಾನುವಾರಗಳಂದು ಆಡುತ್ತಿದ್ದ ಈ ಕೂಟದಲ್ಲಿ ಮೊದಲೆಲ್ಲ ಊರ ಹುಡುಗರೇ ಇರುತ್ತಿದ್ದರು. ಒಂದು ವರ್ಷ ಯಾರೋ ಗೋವಾದಿಂದ ಒಬ್ಬನನ್ನು ದುಡ್ಡು ಕೊಟ್ಟು ಕರೆತಂದರು. ಮರುವರ್ಷ ಇನ್ನೊಬ್ಬರು ಕೇರಳದಿಂದ ಇಬ್ಬರನ್ನು ತಂದರು. ಅವರನ್ನು ನೋಡಿ ಊರ ಹುಡುಗರೂ ತಮಗೂ ಏನಾದರೂ ಕೊಡಬೇಕೆಂದರು. ಮೈಮುರಿದು ಓಡುವವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಹೀಗೆ ಆಟವೆಂಬುದು ದುಡಿಮೆಯಾಯಿತು, ತಂಡವೆಂಬುದು ಅಂಗಡಿಯಾಯಿತು, ಗೆಲ್ಲಬೇಕೆಂದರೆ ಪಕ್ಕದವನಿಗಿಂತ ಹೆಚ್ಚು ಸುರಿಯಬೇಕೆಂಬ ಸ್ಥಿತಿ ಬಂತು.

ಅದರಲ್ಲಿ ಮುಳುಗಿದವರು ಮಾವಳ್ಳಿಯವರು. ಆ ತಂಡವನ್ನು ನಡೆಸುತ್ತಿದ್ದ ಅರುಣನಿಗೆ ಒಂದು ಸಣ್ಣ ದೋಣಿ, ಅದಕ್ಕೊಂದು ಎಂಜಿನ್ ಇತ್ತು. ಉಳಿದವರಿಗೆ ಸರಿಸಮ ನಿಲ್ಲಬೇಕೆಂಬ ಹಟದಲ್ಲಿ ಹೊರಗಿನ ಆಟಗಾರರನ್ನು ಕರೆಸಿದ, ಅವರಿಗೆ ಕೊಡಲು ಎಂಜಿನ್ ಮಾರಿದ. ಕೈ ಖಾಲಿಯಾದ ವಾರವೇ ಅವರು ಬ್ಯಾಗು ಕಟ್ಟಿ ಹೋದರು. ಕೊನೆಯ ಪಂದ್ಯಕ್ಕೆ ಗೋಲು ಕಾಯುವ ಗೋಲಿಯೂ ಇಲ್ಲದೆ, ಹೊಟ್ಟೆ ಬಂದ ಅರುಣನೇ ಗೋಲಿನಲ್ಲಿ ನಿಂತ. ಚೆಂಡು ಬಂದ ಕಡೆ ಬೀಳದೆ, ತಾನು ಬಿದ್ದ ಕಡೆಗೆ ಚೆಂಡು ಬರಲೆಂದು ಕಾಯುತ್ತಿದ್ದ ಅವನನ್ನು ನೋಡಿ ಮೈದಾನವೆಲ್ಲ ನಕ್ಕಿತು, ನಾನೂ ನಕ್ಕೆ. ಜನ ಚದುರಿದ ಮೇಲೆ ಅವನೊಬ್ಬನೇ ಕಂಬ ಹತ್ತಿ ಬಲೆಯ ಗಂಟುಗಳನ್ನು ಬಿಚ್ಚುತ್ತಿದ್ದ. ಮುಂದಿನ ವರ್ಷ ಮಾವಳ್ಳಿ ತಂಡ ಬರುವುದಿಲ್ಲ ಎಂದು ಆಗ ನನಗೆ ಅನ್ನಿಸಿತು, ನಗು ನಿಂತಿತು.

ಆದ್ದರಿಂದ, ಮಾನ್ಯರೇ, ತಾವು ಹೊನ್ನಾವರದ ಸಭೆಯಲ್ಲಿ ಎದ್ದು ನಿಂತು, ಇನ್ನು ಮುಂದೆ ಯಾವ ತಂಡವೂ ಆಟಗಾರರಿಗೆ ಒಂದು ಋತುವಿನಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ಕೊಡಕೂಡದು, ಬಡ ತಂಡವೂ ಸಿರಿವಂತ ತಂಡವೂ ಒಂದೇ ಗೆರೆಯಲ್ಲಿ ನಿಂತು ಓಡಬೇಕು ಎಂದಾಗ, ನನ್ನ ಕಣ್ಣು ತುಂಬಿತ್ತು. ದೊಡ್ಡ ದೊಡ್ಡ ದೇಶಗಳ ಕ್ಲಬ್ಬುಗಳೇ ಈ ವಿಷಯವನ್ನು ವರ್ಷಗಟ್ಟಲೆ ಚರ್ಚಿಸಿ ಸುಸ್ತಾಗಿರುವಾಗ ತಾವು ಅದನ್ನು ಚಹಾ ಬರುವಷ್ಟರಲ್ಲಿ ಮುಗಿಸಿದಿರಿ. 'ಸಂಬಳ ಅಥವಾ ಸಂಬಳಕ್ಕೆ ಸಮಾನವಾದ ಯಾವುದೇ ಅನುಕೂಲ' ಎಂಬ ಮಾತನ್ನು ನಿಯಮದಲ್ಲಿ ಸೇರಿಸಿ, ಕಳ್ಳದಾರಿಗಳನ್ನೆಲ್ಲ ಮುಚ್ಚಿದ್ದೇನೆಂದು ಘೋಷಿಸಿದಿರಿ. ಮಾವಳ್ಳಿಯ ಅರುಣ ಅದನ್ನು ನಂಬಿ ಮತ್ತೆ ತಂಡ ಕಟ್ಟಿದ, ಈ ಸಲ ಊರ ಹುಡುಗರದ್ದೇ.

ಋತು ಶುರುವಾಯಿತು. ತಮ್ಮ ತಂಡದ ಸಂಬಳದ ವಿವರ ನೋಡಿ ನಾವು ಬೆರಗಾದೆವು. ಗೋವಾದ ಕ್ಲಬ್ಬುಗಳಲ್ಲಿ ಆಡಿ ಹೆಸರು ಮಾಡಿದ ಸದಾಶಿವಗಡದ ವಿನೋದ ಎಂಬ ಫಾರ್ವರ್ಡ್, ನಮ್ಮ ಗೋಲಿ ಶುಕ್ರನಿಗಿಂತ ಕಡಿಮೆ ಸಂಬಳಕ್ಕೆ ತಮ್ಮಲ್ಲಿ ಆಡಲು ಒಪ್ಪಿದ್ದ. ಕಾಸರಕೋಡದ ಗಾಳಿಯೇ ಅಂಥದ್ದಿರಬೇಕು, ಬಂದವರಿಗೆ ದುಡ್ಡಿನ ಆಸೆ ಹೋಗುತ್ತದೆ ಎಂದುಕೊಂಡೆವು. ಆಮೇಲೆ ತಿಳಿಯಿತು: ವಿನೋದ ಬಿಡುವಿನ ವೇಳೆಯಲ್ಲಿ ತಮ್ಮ ಐಸ್ ಫ್ಯಾಕ್ಟರಿಯ 'ಗುಣಮಟ್ಟ ಅಧಿಕಾರಿ'. ಹೊನ್ನಾವರದಲ್ಲಿ ತಮ್ಮದೊಂದು ಮನೆ ಖಾಲಿ ಇತ್ತು, ಅದನ್ನು ಕಾಯುವ ಹೊಣೆಯೂ ಅವನದೇ. ಕಾಯುವವನು ಒಳಗೇ ಮಲಗಬೇಕಷ್ಟೆ. ತಮ್ಮ ಹೊಸ ಸ್ಕೂಟರ್ ಸರಿಯಾಗಿ ಓಡುತ್ತದೆಯೇ ಎಂದು ಋತು ಪೂರ್ತಿ ಓಡಿಸಿ ನೋಡುವ ಕೆಲಸವೂ ಅವನ ಪಾಲಿಗೆ ಬಂದಿತ್ತು. ತಮ್ಮ ಕೇರಳದ ಹಾಫ್‌ಬ್ಯಾಕ್ ಆಟಗಾರ ಕಾಸರಕೋಡದ ಮೀನುಗಾರರಿಗೆ ಈಜು ಕಲಿಸುವ ತರಬೇತುದಾರನಾದ. ಗೋವಾದ ಗೋಲಿ ಇನ್ನೂ ಹಲ್ಲು ಮೂಡದ ತಮ್ಮ ಮೊಮ್ಮಗಳು ಸ್ಮೃತಿಗೆ ಇಂಗ್ಲಿಷ್ ಮೇಷ್ಟ್ರಾದ. ಕುಮಟಾ ತಂಡದ ಗುತ್ತಿಗೆದಾರರೂ ತಮ್ಮ ಹೆಜ್ಜೆಯಲ್ಲೇ ನಡೆದು ಫಾರ್ವರ್ಡ್‌ಗಳನ್ನು ರಸ್ತೆ ಕಾಮಗಾರಿಯ ಮೇಲ್ವಿಚಾರಕರನ್ನಾಗಿ ನೇಮಿಸಿದರು. ಆ ರಸ್ತೆಯಲ್ಲಿ ಒಮ್ಮೆ ಹೋದವರಿಗೆ ಮೇಲ್ವಿಚಾರಕರ ಮೂಲ ವೃತ್ತಿ ಬೇರೆಯೇ ಇರಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಉದ್ಯೋಗವಿಲ್ಲವೆಂದು ಎಲ್ಲೆಡೆ ಕೂಗು ಕೇಳುವ ಈ ಕಾಲದಲ್ಲಿ ಒಂದೇ ಒಂದು ನಿಯಮದಿಂದ ಇಷ್ಟು ಹುದ್ದೆಗಳನ್ನು ಸೃಷ್ಟಿಸಿದ ತಮ್ಮನ್ನು ಸರಕಾರ ಇನ್ನೂ ಗುರುತಿಸದಿರುವುದು ವಿಷಾದಕರ.

ಇನ್ನು ನಮ್ಮ ತಂಡ. ನಮ್ಮಲ್ಲಿ ಫ್ಯಾಕ್ಟರಿಯಿಲ್ಲ. ಭತ್ತದ ಗದ್ದೆಗಳಿವೆ, ತರಕಾರಿ ಇದೆ, ಬೇಸಿಗೆಯಲ್ಲಿ ಜಡೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿ ಇದೆ. ನಮ್ಮ ನಾಯಕ ಮಾಬ್ಲ ಆ ತರಕಾರಿಯನ್ನೂ ಈರುಳ್ಳಿಯನ್ನೂ ತನ್ನ ಗೂಡ್ಸ್ ರಿಕ್ಷಾದಲ್ಲಿ ಕುಮಟೆಯ ಪೇಟೆಗೆ ಸಾಗಿಸುವವನು. ಮೈದಾನದಲ್ಲಿ ರಕ್ಷಣೆಯ ನಡುಮಧ್ಯೆ ನಿಲ್ಲುತ್ತಾನೆ. ಅವನನ್ನು ದಾಟಿ ಹೋದವರು ಕಡಿಮೆ, ದಾಟಲು ಹೋಗಿ ಅವನ ಕ್ಷಮೆ ಕೇಳಿಸಿಕೊಂಡವರು ಬಹಳ. ಯಾರನ್ನು ಬೀಳಿಸಿದರೂ ಕೈಹಿಡಿದು ಎಬ್ಬಿಸಿ, ನೋವಾಯಿತೇ ಎಂದು ಕೇಳಿ, ಆಮೇಲೆ ಚೆಂಡಿನ ಹಿಂದೆ ಓಡುತ್ತಾನೆ. ಅದರಿಂದ ನಾವು ಕೆಲವು ಗೋಲು ಕಳೆದುಕೊಂಡಿದ್ದೇವೆ.

ನಮ್ಮ ಹುಡುಗರು ಅಭ್ಯಾಸ ಮಾಡುವ ಬಯಲಿನ ಅಂಚಿಗೇ ಚೌಡಮ್ಮನ ಮನೆ. ಗಂಡ ತೀರಿಕೊಂಡ, ಮಕ್ಕಳಿಲ್ಲದ ಹೆಂಗಸು. ಗದ್ದೆ ನೆಡುವಾಗ ಅವಳು ಹಾಡು ಎತ್ತಿದರೆ ಉಳಿದವರು ಅದನ್ನು ಹಿಡಿದು ಸಂಜೆಯವರೆಗೆ ಎಳೆಯುತ್ತಾರೆ. ಅಭ್ಯಾಸ ಮುಗಿಸಿ ಹಸಿದು ಬರುವ ಹುಡುಗರನ್ನು ಬರಿಹೊಟ್ಟೆಯಲ್ಲಿ ಕಳಿಸಲು ಅವಳ ಮನಸ್ಸು ಒಪ್ಪಲಿಲ್ಲ. ಒಂದು ದಿನ ಗಂಜಿ ಹಾಕಿದಳು, ಇನ್ನೊಂದು ದಿನ ಕುಚಲಕ್ಕಿ ಅನ್ನಕ್ಕೆ ಬಂಗಡೆ ಮೀನಿನ ಸಾರು, ನಮ್ಮ ಕಡೆಯ ಪಳದಿ, ಸುರಿದಳು. ಸುದ್ದಿ ತಿಳಿದ ನೆರೆಮನೆಯವರು ಒಬ್ಬರು ಅಕ್ಕಿ, ಇನ್ನೊಬ್ಬರು ತೆಂಗಿನಕಾಯಿ, ಮತ್ತೊಬ್ಬರು ಬಸಳೆ ಕಳಿಸತೊಡಗಿದರು. ಇದನ್ನು ನಾವು ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. ಹಸಿದವರು ಬಂದರು, ಬಡಿಸಿದರು, ಅಷ್ಟೇ. ಊರೂಟ ಉಂಡು ಹೊಳನಗದ್ದೆ ಗೆಲ್ಲತೊಡಗಿತು. ಅರ್ಧ ಋತು ಕಳೆಯುವಾಗ ನಾವು ಸೆಮಿಫೈನಲ್ ತಲುಪುವ ನಾಲ್ಕು ತಂಡಗಳಲ್ಲಿ ಒಂದಾಗಿದ್ದೆವು, ತಮ್ಮ ತಂಡಕ್ಕಿಂತ ತುಸು ಮೇಲೆಯೇ ಇದ್ದೆವು. ತಮ್ಮ ಸಮಿತಿಗೆ ನಮ್ಮ ಮೇಲೆ ಅಕ್ಕರೆ ಹುಟ್ಟಿದ್ದು ಆಗಲೇ.

ಕುಮಟೆಯ ಮಣಕಿ ಮೈದಾನದಲ್ಲಿ ನಮಗೂ ತಮಗೂ ಪಂದ್ಯವಿತ್ತು. ಚೆಂಡಿಗಾಗಿ ಮಾಬ್ಲನೂ ವಿನೋದನೂ ಒಟ್ಟಿಗೆ ಹಾರಿದರು, ಒಟ್ಟಿಗೆ ಬಿದ್ದರು. ಇಬ್ಬರದೂ ತಪ್ಪಿರಲಿಲ್ಲ. ವಿನೋದ ಎದ್ದ, ಮಾಬ್ಲ ಏಳಲಿಲ್ಲ. ಮಂಡಿ ಹಿಡಿದುಕೊಂಡು ಮಲಗಿದ್ದವನ ಪಕ್ಕ ಕೂತು ಕೈಬೀಸಿ ಜನ ಕರೆದವನು, ಹಲಗೆಯ ಒಂದು ತುದಿ ಹಿಡಿದು ಹೊತ್ತವನು ತಮ್ಮ ವಿನೋದನೇ. ಮಾಬ್ಲನನ್ನು ಅವನದೇ ಗೂಡ್ಸ್ ರಿಕ್ಷಾದಲ್ಲಿ, ತಲೆಗೆ ಈರುಳ್ಳಿಯ ಖಾಲಿ ಚೀಲ ಮಡಚಿಟ್ಟು, ಶುಕ್ರ ಆಸ್ಪತ್ರೆಗೆ ಓಡಿಸಿದ. ಮಂಡಿಯೊಳಗಿನ ಕಟ್ಟು ಹರಿದಿದೆ, ಆಪರೇಷನ್ ಮಾಡದಿದ್ದರೆ ಆಟವಿರಲಿ, ರಿಕ್ಷಾದ ಬ್ರೇಕ್ ಒತ್ತುವುದೂ ಕಷ್ಟ ಎಂದು ಡಾಕ್ಟರು ಹೇಳಿದರು. ಅವನ ಜೀವನವಿದ್ದದ್ದು ಆ ಬ್ರೇಕಿನ ಮೇಲೆ.

ಊರು ಸುಮ್ಮನಿರಲಿಲ್ಲ. ಮನೆಮನೆಯಿಂದ ಆದಷ್ಟು ಕೂಡಿಸಿದೆವು. ಚೌಡಮ್ಮ ಜೋಪಾನವಾಗಿ ಕಾಪಾಡಿದ್ದ ಚಿನ್ನದ ಬಳೆ ತಂದಿಟ್ಟಳು, ಅದನ್ನು ನಾವು ವಾಪಸು ಕೊಟ್ಟೆವು, ಅವಳು ಸಿಟ್ಟಾದಳು. ಆಸ್ಪತ್ರೆಗೆ ದಿನ ನಿಗದಿಯಾಯಿತು. ಅಷ್ಟರಲ್ಲಿ ತಮ್ಮ ಸಮಿತಿಯ ನೋಟಿಸು ಬಂತು. ಆಟಗಾರನ ಚಿಕಿತ್ಸೆಗೆ ತಂಡ ಮಾಡುವ ಖರ್ಚು 'ಸಂಬಳಕ್ಕೆ ಸಮಾನವಾದ ಅನುಕೂಲ'ವಾಗಿದ್ದು, ಅದನ್ನು ಕೂಡಿಸಿದರೆ ಹೊಳನಗದ್ದೆ ಮಿತಿ ಮೀರುತ್ತದೆಂದು ಅದರಲ್ಲಿತ್ತು. ಹಾಗೆಯೇ ಆಟಗಾರರು ದಿನವೂ ಉಂಡ ಊಟವನ್ನು ಹೊನ್ನಾವರದ ಒಳ್ಳೆಯ ಹೋಟೆಲಿನ ಮೀನೂಟದ ದರದಲ್ಲಿ ಲೆಕ್ಕ ಹಾಕಲಾಗಿ, ನಾವು ಆಗಲೇ ಮಿತಿ ಮೀರಿಯಾಗಿದೆ ಎಂದೂ ಇತ್ತು. ಚೌಡಮ್ಮನ ಕೈರುಚಿಯನ್ನು ಆ ಹೋಟೆಲಿಗೆ ಸಮವೆಂದು ಗುರುತಿಸಿದ ಮೊದಲ ಅಧಿಕೃತ ಸಂಸ್ಥೆ ತಮ್ಮದು. ಅವಳ ಪರವಾಗಿ ಕೃತಜ್ಞತೆ ಸಲ್ಲಿಸುತ್ತೇನೆ.

ವಿಚಾರಣೆಗೆ ನಾನೂ ಚೌಡಮ್ಮನೂ ಬಂದೆವು. ತಾವು ಬಹಳ ಗೌರವದಿಂದ ಅವಳಿಗೆ ಕುರ್ಚಿ ಹಾಕಿಸಿ, ಆಟಗಾರರಿಗೆ ಊಟ ಕೊಟ್ಟದ್ದು ಅವರು ತಂಡಕ್ಕೆ ಆಡಲೆಂದು ತಾನೇ ಎಂದು ಕೇಳಿದಿರಿ. ಅವಳು ಸೆರಗು ಸರಿಮಾಡಿಕೊಂಡು ತಮ್ಮನ್ನೇ ನೋಡುತ್ತ ಹೇಳಿದ್ದು ತಮ್ಮ ನಡಾವಳಿ ಪುಸ್ತಕದಲ್ಲಿ ಯಾಕೋ ಬಿಟ್ಟುಹೋಗಿದೆ. ಆದ್ದರಿಂದ ಇಲ್ಲಿ ದಾಖಲಿಸುತ್ತೇನೆ:

"ಮೂವತ್ತ್ ವರ್ಷ ನನ್ ಗಂಡಗೆ ಬಡ್ಸಿದ್ದೆ ಸಾವ್ಕಾರ್ರೆ. ಅಂವ ಒಂದ್ ದಿನಾನೂ ನನ್ ಬದಿಗೆ ಆಡ್ಲಿಲ್ಲ."

ಸಮಿತಿಯ ಸದಸ್ಯರಿಬ್ಬರು ಕೆಮ್ಮಿದರು. ತಾವು ನೀರು ಕುಡಿದಿರಿ. ಆಮೇಲೆ ನಾನು ನನಗೆ ತಿಳಿದಷ್ಟು ವಿನಯದಿಂದ, ಅನ್ನಕ್ಕೆ ಬೆಲೆ ಕಟ್ಟುವುದಾದರೆ ಐಸ್ ಫ್ಯಾಕ್ಟರಿಯ ಹುದ್ದೆಗೂ ಕಟ್ಟಬೇಕಲ್ಲವೇ ಎಂದು ಕೇಳಿದೆ. ತಾವು ಮುಚ್ಚಿಡುವಂಥದ್ದು ಏನೂ ಇಲ್ಲವೆಂದು ಉದಾರವಾಗಿ ವಿನೋದನನ್ನೇ ಕರೆಸಿದಿರಿ. ಅವನನ್ನು ಮೊದಲೇ ಕೂರಿಸಿ ಎರಡು ಮಾತು ಹೇಳಿಕೊಡದೆ ಕರೆಸಿದ್ದು ತಮ್ಮ ನಿಷ್ಪಕ್ಷಪಾತ ಧೋರಣೆಗೆ ಸಾಕ್ಷಿ. ಫ್ಯಾಕ್ಟರಿಯಲ್ಲಿ ಏನು ಕೆಲಸ ಮಾಡುತ್ತೀ ಎಂದು ಕೇಳಿದ್ದಕ್ಕೆ ಅವನು ತಲೆ ತಗ್ಗಿಸಿ, "ಆ ಫ್ಯಾಕ್ಟರಿ ಯಾವ ಬದಿಗೆ ಉಂಟು ಅಂತ ನಂಗೆ ಗೊತ್ತಿಲ್ಲ ಸರ್" ಎಂದ. ತಾವು ಒಂದು ಕ್ಷಣವೂ ತಬ್ಬಿಬ್ಬಾಗದೆ, ಸದರಿಯವರದು ಹೊರಗಿನ ಓಡಾಟದ ಹುದ್ದೆ ಎಂದು ಬರೆಸಿದಿರಿ. ಅಂಥ ಸಮಯಸ್ಫೂರ್ತಿ ನಮ್ಮ ಗೋಲಿಗೆ ಇದ್ದಿದ್ದರೆ ನಾವು ಒಂದು ಪಂದ್ಯವನ್ನೂ ಸೋಲುತ್ತಿರಲಿಲ್ಲ.

ತೀರ್ಪು ಬಂತು. ಊಟದ ಬಾಬ್ತಿಗೆ ನಮ್ಮ ಅಂಕಗಳನ್ನು ಕಡಿದಿರಿ. ಚಿಕಿತ್ಸೆಯ ವಿಷಯದಲ್ಲಿ ಮಾತ್ರ ತಾವು ಕರುಣಾಳುಗಳಾದಿರಿ. ಮಾಬ್ಲ ತಂಡಕ್ಕೆ ರಾಜೀನಾಮೆ ಕೊಟ್ಟರೆ ಅವನು ಆಟಗಾರನಲ್ಲ, ಆಟಗಾರನಲ್ಲದವನಿಗೆ ಊರು ಏನು ಕೊಟ್ಟರೂ ಅದು ಸಂಬಳವಲ್ಲ, ಆದ್ದರಿಂದ ಅವನು ಬಿಟ್ಟುಹೋಗಲಿ ಎಂದು ದಾರಿ ತೋರಿಸಿದಿರಿ. ಬಿಡದಿದ್ದರೆ? ಚಿಕಿತ್ಸೆ ಮಾಡಿಸಿದ ದಿನದಿಂದ ಇಡೀ ತಂಡ ಕೂಟದಿಂದ ಹೊರಗೆ.

ಆ ಸಂಜೆ ಹಾಲು ಅಳೆದು ಜನರೆಲ್ಲ ಹೋದ ಮೇಲೆ ಮಾಬ್ಲ ಶುಕ್ರನ ಭುಜ ಹಿಡಿದು ಕುಂಟುತ್ತ ಸಂಘಕ್ಕೆ ಬಂದ. ತಂಡವೇ ಕೂಟ ಬಿಟ್ಟು ಹೊರಬರುವುದು, ಅವನ ಹೆಸರನ್ನು ಮಾತ್ರ ಬಿಡುವುದಿಲ್ಲ ಎಂದು ಹುಡುಗರು ಮೊದಲೇ ಠರಾವು ಮಾಡಿದ್ದರು. ಅವನು ಕೇಳಲಿಲ್ಲ. ಹಿಂದಿನ ವರ್ಷ ಮಾವಳ್ಳಿ ಮುಳುಗಿದ್ದನ್ನು ನೋಡಿದ್ದೇವೆ, ನನ್ನ ಒಂದು ಕಾಲಿಗಾಗಿ ಇಷ್ಟು ಜನರ ಆಟ ನಿಲ್ಲುವುದು ಬೇಡ ಎಂದ. ಕಾಗದ ತೆಗೆದುಕೊಂಡ, ಪೆನ್ನು ಹಿಡಿದ, ಅಲ್ಲಿಗೇ ನಿಂತ. ಆಮೇಲೆ ತಲೆಯೆತ್ತಿ ಕೇಳಿದ:

"ಎಂತ ಬರೀಬೇಕು ಕವಿತಕ್ಕಾ? ನಾ ಹೊಳನಗದ್ದೆಯವ ಅಲ್ಲ ಅಂತ್ಲೇ ಬರೀಬೇಕಾ?"

ಅಧ್ಯಕ್ಷರೇ, ಅರ್ಜಿ ಬರೆಯಲು ಬರುತ್ತದೆಂದು ನನ್ನನ್ನು ವ್ಯವಸ್ಥಾಪಕಿ ಮಾಡಿದ್ದರು. ಆ ಒಂದು ಅರ್ಜಿಗೆ ನನಗೆ ಮಾತು ಸಿಗಲಿಲ್ಲ. ತಂಡ ಬಿಡುತ್ತಿದ್ದೇನೆ ಎಂದಷ್ಟೇ ಬರೆ ಎಂದೆ. "ಆತು" ಎಂದು ಬರೆದು ಸಹಿ ಹಾಕಿದ. ನಾಯಕನ ಪಟ್ಟಿಯನ್ನು ಜೇಬಿನಿಂದ ತೆಗೆದು ಶುಕ್ರನ ಕೈಗೆ ಕೊಟ್ಟ. ಶುಕ್ರ ಅದನ್ನು ತೋಳಿಗೆ ಕಟ್ಟಿಕೊಳ್ಳದೆ ಹಾಲಿನ ಕ್ಯಾನಿನ ಮೇಲಿಟ್ಟು ಹೊರಗೆ ಹೋಗಿ ನಿಂತ.

ಆಪರೇಷನ್ ಚೆನ್ನಾಗಿ ಆಯಿತು. ಕೊನೆಯ ಲೀಗ್ ಪಂದ್ಯದ ಹೊತ್ತಿಗೆ ಮಾಬ್ಲ ಊರುಗೋಲು ಹಿಡಿದು ಓಡಾಡುತ್ತಿದ್ದ. ಆ ಪಂದ್ಯ ಮತ್ತೆ ತಮ್ಮ ತಂಡದೊಂದಿಗೇ ಬಂತು, ಈ ಸಲ ಹೊನ್ನಾವರದಲ್ಲಿ. ಅವನು ನಮ್ಮ ಹುಡುಗರ ಬೆಂಚಿನಲ್ಲಿ ಕೂತಿದ್ದನ್ನು ಕಂಡು ತಮ್ಮ ಸ್ವಯಂಸೇವಕರು, ಅನಧಿಕೃತ ವ್ಯಕ್ತಿಗಳು ಹಗ್ಗದ ಆಚೆ ಇರಬೇಕೆಂದು ಎಬ್ಬಿಸಿದರು. ನಾನು ಜಗಳಕ್ಕೆ ಎದ್ದೆ. ಬೇಡವೆಂದು ಕೈಸನ್ನೆ ಮಾಡಿ ಅವನು ತಾನೇ ಹೋದ. ಹಗ್ಗದ ಆಚೆ ಇದ್ದವರೆಲ್ಲ ಕಾಸರಕೋಡದವರು. ಅಲ್ಲಿ ತಮ್ಮೂರ ಮೀನು ಮಾರುವ ಗಂಗಿ ತನ್ನ ಖಾಲಿ ಕ್ರೇಟನ್ನು ಬೋರಲು ಹಾಕಿ ಅವನನ್ನು ಕೂರಿಸಿದಳು. "ಕೂತ್ಕ ತಮಾ. ನಮ್ ಬದಿ ಗೋಲ್ ಆರೆ ನಾ ಕೂಗ್ತೆ, ನೀ ಬೇಜಾರ್ ಮಾಡ್ಕಬೇಡ" ಎಂದಳಂತೆ. ಅವಳು ಆಮೇಲೆ ಕೂಗಿದ್ದು ನಮ್ಮ ಬೆಂಚಿಗೂ ಕೇಳಿಸಿತು, ವಿನೋದ ಗೋಲು ಹೊಡೆದಿದ್ದ. ಮುಗಿಯಲು ಸ್ವಲ್ಪವೇ ಹೊತ್ತು ಇರುವಾಗ ನಮ್ಮವರು ಅದನ್ನು ಸರಿಗಟ್ಟಿದರು. ಆಗ ಮಾಬ್ಲ ಊರುಗೋಲು ಮೇಲೆತ್ತಿದ. ಗಂಗಿ ಅವನು ಬೀಳದಂತೆ ಅಂಗಿ ಹಿಡಿದುಕೊಂಡಿದ್ದಳು.

ಪಂದ್ಯ ಸಮಸಮವಾಯಿತು. ಸೆಮಿಫೈನಲ್‌ಗೆ ಅಷ್ಟು ಸಾಕಿತ್ತು, ತಾವು ಕಡಿದ ಅಂಕಗಳು ನಮ್ಮಲ್ಲಿ ಉಳಿದಿದ್ದರೆ. ಹುಡುಗರು ಮೈದಾನದಲ್ಲೇ ಕೂತುಬಿಟ್ಟರು. ಆ ಋತುವಿನ ಕಪ್ ತಮ್ಮ ಪಾಲಾಯಿತು. ಬಹುಮಾನ ಹಂಚುವಾಗ ತಾವು, ಮಿತಿ ಹಾಕಿದ್ದರಿಂದ ಕೂಟದ ಒಟ್ಟು ಸಂಬಳ ಅರ್ಧಕ್ಕರ್ಧ ಇಳಿದಿದೆ, ನಮ್ಮ ಪ್ರಯೋಗ ದೇಶಕ್ಕೇ ಮಾದರಿ ಎಂದಿರಿ. ಅದು ಸುಳ್ಳಲ್ಲ. ಸಂಬಳ ಇಳಿದದ್ದು ನಿಜ. ಐಸಿನ ಗುಣಮಟ್ಟದ ಮೇಲಿನ ಖರ್ಚು ಎಷ್ಟು ಏರಿತೆಂದು ಯಾರೂ ಕೇಳಲಿಲ್ಲ, ತಾವೂ ಹೇಳಲಿಲ್ಲ.

ಮರುದಿನವೇ ಗುಣಮಟ್ಟ ಅಧಿಕಾರಿಯ ಸೇವೆ ಮುಗಿಯಿತು. ವಿಚಾರಣೆಯಲ್ಲಿ ನಿಜ ಹೇಳಿದ್ದಕ್ಕೋ, ಗೋಲುಗಳ ಕೆಲಸ ಮುಗಿದದ್ದಕ್ಕೋ ನನಗೆ ತಿಳಿಯದು. ಮನೆಯ ಬೀಗ ಬದಲಾಗಿತ್ತು, ಸ್ಕೂಟರಿನ ಕೀಲಿಯನ್ನು ತಮ್ಮ ಕಡೆಯವರು ಹೊನ್ನಾವರ ಬಸ್ ಸ್ಟ್ಯಾಂಡಿನಲ್ಲೇ ಇಸಕೊಂಡರು. ವಿನೋದ ಊರಿಗೆ ಹೋಗುವ ದಾರಿಯಲ್ಲಿ ಕುಮಟೆಯಲ್ಲಿ ಇಳಿದು ಮಾಬ್ಲನನ್ನು ನೋಡಲು ಬಂದ. ಮಂಡಿಯ ಮೇಲಿನ ಹೊಲಿಗೆಯನ್ನು ಬಗ್ಗಿ ನೋಡಿದ. ತಮ್ಮಿಂದ ಬರಬೇಕಾದ ಬಾಕಿಯನ್ನು ಕೇಳಿ ಪಡೆದುಕೊಳ್ಳಬಾರದೇ ಎಂದು ನಾನು ಅಂದೆ. "ನಂಗೆ ಹೇಳಿದ್ದು ಒಂದೂ ಕಾಗದದಲ್ಲಿ ಇಲ್ಲ ಅಕ್ಕಾ. ಇಲ್ಲದ್ದನ್ನ ಯಾರ ಹತ್ರ ಕೇಳೂದು?" ಎಂದ. ಅಲ್ಲಿಯವರೆಗೆ ತಮ್ಮ ನಿಯಮದಿಂದ ನಷ್ಟವಾದದ್ದು ನಮಗೊಬ್ಬರಿಗೇ ಎಂದು ತಿಳಿದಿದ್ದೆ. ಬಚ್ಚಿಟ್ಟು ಕೊಡುವವನು ಬಚ್ಚಿಟ್ಟುಕೊಂಡೇ ಕೈ ತೊಳೆಯಬಹುದು, ಪಡೆಯುವವನಿಗೆ ಕೂಗಲು ಬಾಯಿಯೂ ಇರುವುದಿಲ್ಲ ಎಂಬುದು ಅವನು ಬಸ್ಸು ಹತ್ತಿ ಹೋದ ಮೇಲೆ ನನಗೆ ಅರ್ಥವಾಯಿತು.

ಹಾಗಾದರೆ ಮಿತಿಯೇ ಬೇಡವೇ ಎಂದು ತಾವು ಕೇಳಬಹುದು. ಬೇಕು, ಮಾನ್ಯರೇ. ಈಗಲೂ ನಾನು ಕೈ ಎತ್ತುತ್ತೇನೆ. ಎಂಜಿನ್ ಇಲ್ಲದ ಅರುಣನ ದೋಣಿ ಈಗಲೂ ದಡದಲ್ಲೇ ಇದೆ, ಅದನ್ನು ನೋಡಿದವರು ಯಾರೂ ಮಿತಿ ಬೇಡವೆನ್ನಲಾರರು. ಆದರೆ ಸಂಬಳವೆಂದು ಬರೆದದ್ದಕ್ಕೆ ಮಾತ್ರ ಬೇಲಿ ಹಾಕಿದರೆ ದುಡ್ಡು ಬೇರೆ ಹೆಸರು ಹಾಕಿಕೊಂಡು ಪಕ್ಕದ ಗದ್ದೆಯಿಂದ ಹಾದುಹೋಗುತ್ತದೆ. ಬೇರೆ ಹೆಸರು ಹುಡುಕಲು ಫ್ಯಾಕ್ಟರಿ ಬೇಕು, ಗುತ್ತಿಗೆ ಬೇಕು, ಖಾಲಿ ಮನೆ ಬೇಕು. ಅವು ಯಾವುವೂ ಇಲ್ಲದವರ ಮನೆಯಲ್ಲಿ ಕೊಡುವುದು ಕಣ್ಣಿಗೆ ಕಾಣುವ ಅನ್ನವೇ. ಅದಕ್ಕೇ ಸಿಕ್ಕಿಬಿದ್ದವರು ನಾವು. ಅಳೆಯುವವರೇ ಆಡುವವರೂ ಆದಲ್ಲಿ ಅಳತೆಗೋಲು ಯಾರ ಬದಿಗೆ ಆಡುತ್ತದೆಂದು ಕೇಳಬೇಕಾಗಿಲ್ಲ.

ಕಳೆದ ತಿಂಗಳ ಸರ್ವಸಾಧಾರಣ ಸಭೆಯಲ್ಲಿ ಇದನ್ನೇ ಅರುಣ ಎರಡು ಠರಾವಾಗಿ ಮಂಡಿಸಿದ್ದು ತಮಗೆ ನೆನಪಿದೆ. ಪೆಟ್ಟಾದ ಆಟಗಾರನ ಚಿಕಿತ್ಸೆ ಸಂಬಳವಲ್ಲ ಎಂಬುದು ಮೊದಲನೆಯದು. ಭಟ್ಕಳದವರು ನಮ್ಮ ಜೊತೆ ಕೈ ಎತ್ತಿದರು, ಆಮೇಲೆ ಕುಮಟಾದವರೂ ಎತ್ತಿದರು. ಅವರ ಆಟಗಾರರಿಗೂ ಮಂಡಿಗಳಿವೆ. ಅದು ಪಾಸಾಯಿತು. ಒಡೆಯರು ಆಟಗಾರರಿಗೆ ಕೊಡುವ ಪ್ರತಿಯೊಂದು ಹುದ್ದೆ, ಮನೆ, ವಾಹನವನ್ನು ಪಂದ್ಯಕ್ಕೆ ಮುನ್ನ ಮೈಕಿನಲ್ಲಿ ಓದಿ ಹೇಳಬೇಕು, ತಂಡದ ಒಡೆಯರು ಮಿತಿ ಸಮಿತಿಯಲ್ಲಿ ಇರಕೂಡದು ಎಂಬುದು ಎರಡನೆಯದು. ಅದನ್ನು ಆಳವಾಗಿ ಅಧ್ಯಯನ ಮಾಡಲು ತಾವು ಉಪಸಮಿತಿಯೊಂದನ್ನು ನೇಮಿಸಿ, ಅದಕ್ಕೆ ತಮ್ಮ ಒಡಹುಟ್ಟಿದ ತಮ್ಮನಾದ ಭಾಸ್ಕರ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದಿರಿ. ನಮ್ಮ ಅಂಕಗಳು ವಾಪಸು ಬರಲಿಲ್ಲ. ಬರುವುದೂ ಇಲ್ಲ.

ಈ ಸಂದರ್ಭದಲ್ಲಿ ತಮ್ಮಲ್ಲಿ ಕೆಲವು ಅರಿಕೆಗಳಿವೆ. ಮಾಬ್ಲನ ಮಂಡಿ ಈಗ ಊರಿನ ಖರ್ಚಿನಲ್ಲಿ ರಿಪೇರಿಯಾದದ್ದರಿಂದ ಅದರಲ್ಲಿ ಅವನ ಪಾಲೆಷ್ಟು, ಊರಿನ ಪಾಲೆಷ್ಟು ಎಂದು ಭಾಸ್ಕರ ಅವರು ಅಳೆದು ಹೇಳಬೇಕು. ನಮ್ಮ ಬಯಲಿಗೆ ಸಂಜೆ ಬೀಸುವ ಕಡಲಗಾಳಿ ಓಡುವವರಿಗೆ ಹಿತವಾಗಿರುತ್ತದೆ, ಅದೂ ಒಂದು ಅನುಕೂಲವೇ, ಅದರ ದರವನ್ನು ಋತು ಶುರುವಾಗುವ ಮೊದಲೇ ತಿಳಿಸಬೇಕು. ಗೋಲು ಹೊಡೆದಾಗ ಜನ ಚಪ್ಪಾಳೆ ತಟ್ಟುತ್ತಾರೆ. ಹೊಳನಗದ್ದೆಯವರು ಎಷ್ಟು ತಟ್ಟಬಹುದೆಂದು ಆಜ್ಞೆಯಾಗಬೇಕು. ಕೊನೆಯದಾಗಿ, ಒಬ್ಬರೇ ಎಷ್ಟು ಕುರ್ಚಿಗಳಲ್ಲಿ ಕೂರಬಹುದೆಂಬುದಕ್ಕೂ ಒಂದು ಮಿತಿಯನ್ನು, ಕಾಲಾವಕಾಶವಾದಾಗ, ಪರಿಶೀಲಿಸಬೇಕು.

ಮೊನ್ನೆ ಸಂಜೆ ಮಾಬ್ಲ ಮೊದಲ ಸಲ ಓಡಿದ. ಡಾಕ್ಟರು ಒಪ್ಪಿದ್ದರು. ಮಳೆ ನಿಂತು ಒದ್ದೆಯಾಗಿದ್ದ ಬಯಲಿನಲ್ಲಿ ಮೊದಲು ನಡೆದ, ಆಮೇಲೆ ಬೇಗ ನಡೆದ, ಆಮೇಲೆ ಶುಕ್ರ ಚೆಂಡು ಉರುಳಿಸಿದಾಗ ತನಗೇ ತಿಳಿಯದಂತೆ ಅದರ ಹಿಂದೆ ಓಡಿಬಿಟ್ಟ. ಹಳೆಯ ಓಟವಲ್ಲ, ಸ್ವಲ್ಪ ವಾಲುತ್ತಾನೆ. ಚೆಂಡು ಸಿಕ್ಕಿದ ಮೇಲೆ ನಿಂತು, ಕಾಲನ್ನೇ ನೋಡಿಕೊಂಡು ನಕ್ಕ. ಗದ್ದೆಯ ಬದುವಿನ ಮೇಲೆ ಕೂತಿದ್ದ ನಾನು ಅತ್ತದ್ದು ನಿಜ. ಅದನ್ನು ಅವನಿಗೆ ದೊರೆತ ಅನುಕೂಲವೆಂದು ಲೆಕ್ಕ ಹಿಡಿಯುವುದಾದರೆ ಧಾರಾಳವಾಗಿ ಹಿಡಿಯಿರಿ.

ತಮ್ಮ ನಿಯಮಗಳು ಅವಕಾಶ ಕೊಟ್ಟಷ್ಟರ ಮಟ್ಟಿಗೆ
ತಮ್ಮ ವಿಶ್ವಾಸಿ,
ಕವಿತಾ ಪಟಗಾರ
ವ್ಯವಸ್ಥಾಪಕಿ, ಹೊಳನಗದ್ದೆ ಫುಟ್‌ಬಾಲ್ ತಂಡ

ವಿ.ಸೂ.: ಇದನ್ನು ಮುಗಿಸುವಷ್ಟರಲ್ಲಿ ತಮ್ಮ ಅಭಿನಂದನಾ ಸಮಾರಂಭದ ಆಮಂತ್ರಣ ಕೈಸೇರಿತು. ತಮಗೆ 'ಮಿತವ್ಯಯ ಭೂಷಣ' ಎಂಬ ಬಿರುದು, ಬೆಳ್ಳಿಯ ಫುಟ್‌ಬಾಲು ಮತ್ತು ತೆರೆದ ಜೀಪಿನಲ್ಲಿ ಭಟ್ಕಳದಿಂದ ಕುಮಟೆಯವರೆಗೆ ಮೆರವಣಿಗೆ ಇರುವುದನ್ನು ಓದಿ ಸಂತೋಷವಾಯಿತು. ಎಲ್ಲ ತಂಡಗಳೂ ದೇಣಿಗೆ ಕೊಡಬೇಕೆಂದೂ, ದೇಣಿಗೆಗೆ ಗರಿಷ್ಠ ಮಿತಿ ಇರುವುದಿಲ್ಲವೆಂದೂ ಕೆಳಗೆ ದಪ್ಪ ಅಕ್ಷರದಲ್ಲಿದೆ. ಕನಿಷ್ಠ ಮಿತಿಯ ಬಗ್ಗೆ ಏನೂ ಬರೆದಿಲ್ಲ. ನಾವು ಆ ಬರೆಯದ ಕನಿಷ್ಠವನ್ನೇ ಆರಿಸಿಕೊಂಡಿದ್ದೇವೆ.